ಮಕ್ಕಳ, ವೃದ್ಧರ ರಕ್ತ ತೆಗೆಯುವಾಗ ಎಚ್ಚರವಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಡೆಂಗಿ, ಚಳಿ ಶುರುವಾದ ಮೇಲೆ ಮಂಗನ ಕಾಯಿಲೆ; ಹೀಗೆ ವರ್ಷದ ಬಹುಪಾಲು ಜ್ವರದ ಭಯದಲ್ಲೇ ಕಳೆಯುವ ನಮ್ಮ ಮಲೆನಾಡಿನಲ್ಲಿ ರಕ್ತಪರೀಕ್ಷೆ ಮಾಡಿಸದ ಮನೆಯಿಲ್ಲ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್ ಎಷ್ಟು ಬಂತು ಎಂದು ಎಲ್ಲರೂ ವಿಚಾರಿಸುತ್ತಾರೆ. ರಕ್ತವನ್ನು ಹೇಗೆ ತೆಗೆದರು ಎಂದು ಯಾರೂ ಕೇಳುವುದಿಲ್ಲ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದ ನಾನು ಈ ಎರಡನೆಯ ಪ್ರಶ್ನೆಯ ಬಗ್ಗೆ, ಅದರಲ್ಲೂ ಮಕ್ಕಳು ಮತ್ತು ವೃದ್ಧರ ಬಗ್ಗೆ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಖಾಸಗಿ ರಕ್ತ ಸಂಗ್ರಹ ಕೇಂದ್ರವೊಂದರಲ್ಲಿ, ಜ್ವರದಿಂದ ಬಳಲುತ್ತಿದ್ದ ಎರಡು ವರ್ಷದ ಮಗುವನ್ನು ಮೇಜಿನ ಮೇಲೆ ಮಲಗಿಸಿ ಇಬ್ಬರು ಅದುಮಿ ಹಿಡಿದಿದ್ದರು. ತಾಯಿಯನ್ನು ಹೊರಗೆ ನಿಲ್ಲಿಸಿದ್ದರು. ತೋಳಿಗೆ ಬಿಗಿದ ರಬ್ಬರ್ ಪಟ್ಟಿಯನ್ನು ಸಡಿಲಿಸದೆ, ಚುಚ್ಚಿದ ಸೂಜಿಯನ್ನು ಒಳಗೇ ಅತ್ತಿತ್ತ ಆಡಿಸುತ್ತ ‘ನರ ಸಿಗ್ತಾ ಇಲ್ಲ’ ಎನ್ನುತ್ತಿದ್ದ ಯುವಕನಿಗೆ ಕೊನೆಗೂ ಸಿಕ್ಕಿದ್ದು ಹನಿಹನಿಯಾಗಿ ಇಳಿದ ಸ್ವಲ್ಪ ರಕ್ತ. ಹೀಗೆ ನಿಧಾನವಾಗಿ ಇಳಿದ ರಕ್ತ ಟ್ಯೂಬಿನೊಳಗೇ ಹೆಪ್ಪುಗಟ್ಟತೊಡಗುತ್ತದೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಯಂತ್ರವು ಅವುಗಳ ಸಂಖ್ಯೆಯನ್ನು ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಅಂಥ ವರದಿಯನ್ನು ನಂಬಿದ ಬಡ ಪೋಷಕರು ಸಾಲ ಮಾಡಿ, ರಾತ್ರೋರಾತ್ರಿ ಬಾಡಿಗೆ ಕಾರಿನಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಓಡಬೇಕಾಗುತ್ತದೆ. ರಕ್ತ ತೆಗೆಯುವ ಕ್ರಮ ಕೇವಲ ನೋವಿನ ಪ್ರಶ್ನೆಯಲ್ಲ, ಚಿಕಿತ್ಸೆಯೇ ಅದರ ಮೇಲೆ ನಿಂತಿದೆ.

ಮಗು ತಾಯಿಯ ತೊಡೆಯ ಮೇಲೆ ಅವಳ ಎದೆಗೊರಗಿ ಕುಳಿತಿದ್ದರೆ ಒದ್ದಾಟ ಎಷ್ಟೋ ಕಡಿಮೆಯಾಗುತ್ತದೆ. ಎದೆಹಾಲು ಕುಡಿಯುತ್ತಿರುವಾಗ ಚುಚ್ಚಿದರೆ ಹಸುಳೆಗೆ ನೋವು ಕಡಿಮೆ. ಆರು ತಿಂಗಳೊಳಗಿನ ಶಿಶುವಿಗೆ ಕೆಲವೇ ಹನಿ ಸಾಕಾಗುವ ಪರೀಕ್ಷೆಯಾದರೆ ಹಿಮ್ಮಡಿಯ ಅಂಚಿನಲ್ಲಿ ಚುಚ್ಚಬೇಕೇ ಹೊರತು ನಡುಭಾಗದಲ್ಲಲ್ಲ, 2.4 ಮಿಲಿಮೀಟರಿಗಿಂತ ಆಳಕ್ಕೆ ಹೋದರೆ ಮೂಳೆಗೆ ತಗಲುವ ಅಪಾಯವಿದೆ. ಮೊದಲ ಹನಿಯನ್ನು ಒರೆಸಿಬಿಡಬೇಕು, ಹಿಮ್ಮಡಿಯನ್ನು ಹಿಂಡಬಾರದು. ಪ್ರಮಾಣದ ಬಗ್ಗೆಯೂ ಲೆಕ್ಕವಿರಬೇಕು: ಮೂರು ಕೆ.ಜಿ. ತೂಕದ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಮಿ.ಲೀ. ದೊಡ್ಡವರಿಗೆ ಏನೂ ಅನ್ನಿಸದ 10 ಮಿ.ಲೀ. ಆ ಶಿಶುವಿನ ಪಾಲಿಗೆ ಶೇ 4ರಷ್ಟಾಗುತ್ತದೆ. ಅರ್ಧ ಮಿ.ಲೀ. ಸಾಕಾಗುವ ಚಿಕ್ಕ ಟ್ಯೂಬುಗಳು ಮಾರುಕಟ್ಟೆಯಲ್ಲಿರುವಾಗ ಮಕ್ಕಳಿಗೂ ದೊಡ್ಡ ಟ್ಯೂಬನ್ನೇ ಹಿಡಿಯುವುದೇಕೆ?

ವೃದ್ಧರ ಪಾಡು ಬೇರೆ. ಸಕ್ಕರೆ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ, ನೀರನ್ನೂ ಕುಡಿಯದೆ, ಮೊದಲ ಬಸ್ಸಿಗೆ ಹಳ್ಳಿಯಿಂದ ಹೊರಟು ಸರದಿಯಲ್ಲಿ ಹತ್ತು ಗಂಟೆಯವರೆಗೆ ಕೂರುವವರ ರಕ್ತನಾಳಗಳು ಜಡಿಮಳೆಯ ಚಳಿಗೆ ಕುಗ್ಗಿರುತ್ತವೆ. ನೀರು ಕುಡಿದರೆ ಸಕ್ಕರೆ ಪರೀಕ್ಷೆ ಕೆಡುವುದಿಲ್ಲ ಎಂಬ ಒಂದು ಮಾತನ್ನು ಹಿಂದಿನ ದಿನವೇ ಹೇಳಿದರೆ, ಕೈಗೆ ಐದು ನಿಮಿಷ ಬೆಚ್ಚಗಿನ ಬಟ್ಟೆ ಸುತ್ತಿದರೆ, ಅರ್ಧ ಕೆಲಸ ಮುಗಿದಂತೆ. ಅಡಿಕೆ ಹಾಳೆಯ ಒಳಪೊರೆಯಷ್ಟು ತೆಳುವಾದ ಅವರ ಚರ್ಮದ ಮೇಲೆ ನೇರವಾಗಿ ರಬ್ಬರ್ ಪಟ್ಟಿ ಬಿಗಿಯದೆ ತೋಳಿನ ಬಟ್ಟೆಯ ಮೇಲೆಯೇ ಕಟ್ಟಬೇಕು, ಒಂದು ನಿಮಿಷದೊಳಗೆ ಬಿಚ್ಚಬೇಕು. ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿಹಿಡಿದು ಬಿಡಿಸಿದರೆ ಪೊಟ್ಯಾಸಿಯಂ ಸುಳ್ಳೇ ಹೆಚ್ಚು ಕಾಣುತ್ತದೆ. ರಕ್ತ ತೆಗೆದ ಮೇಲೆ ‘ಕೈ ಮಡಚ್ಕೊಳ್ಳಿ ಅಜ್ಜಿ’ ಎನ್ನುವುದು ನಮ್ಮಲ್ಲಿ ಎಲ್ಲೆಡೆ ರೂಢಿ, ಆದರೆ ಅದು ತಪ್ಪು. ಮಡಚಿದ ಮೊಣಕೈಯೊಳಗೆ ರಕ್ತ ಸೋರಿ ನೀಲಿಗಟ್ಟುತ್ತದೆ. ಕೈಯನ್ನು ನೇರವಾಗಿಟ್ಟು ಹತ್ತಿಯಿಂದ ಒತ್ತಿ ಹಿಡಿಯಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಕನಿಷ್ಠ ಐದು ನಿಮಿಷವಾದರೂ ಬೇಕು. ಡೆಂಗಿಯಲ್ಲೂ ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಕುಸಿಯುವುದರಿಂದ ಆ ರೋಗಿಗಳಿಗೂ ಇದೇ ಕ್ರಮ ಅನ್ವಯ. ಡಯಾಲಿಸಿಸ್‌ಗೆಂದು ಫಿಸ್ಟುಲಾ (ಶಸ್ತ್ರಚಿಕಿತ್ಸೆಯಿಂದ ಅಪಧಮನಿಗೆ ಅಭಿಧಮನಿಯನ್ನು ಸೇರಿಸಿದ ಜೋಡಣೆ) ಮಾಡಿಸಿಕೊಂಡ ಕೈಯನ್ನಂತೂ ಮುಟ್ಟಲೇಬಾರದು.

ಸಿಬ್ಬಂದಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಉದ್ದನೆಯ ಸರದಿಯನ್ನು ಒಬ್ಬರೇ ನಿಭಾಯಿಸುವವರ ಮೇಲಿನ ಒತ್ತಡ ನನಗೆ ಚೆನ್ನಾಗಿ ಗೊತ್ತು. ಅವರೂ ಅಪಾಯದಲ್ಲೇ ಇರುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ವೈರಸ್, ಮಾದರಿಗಳನ್ನು ನಿರ್ವಹಿಸುವವರಿಗೂ ತಗುಲಬಲ್ಲದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಬೆರಳು ಚುಚ್ಚಿಸಿಕೊಳ್ಳುವುದು ಈಗಲೂ ನಿಂತಿಲ್ಲ. ಒದ್ದಾಡುವ ಮಗುವಿನ ಎದುರು ಕೈಗವಸಿಲ್ಲದೆ ಸೂಜಿ ಹಿಡಿಯುವ ಪರಿಸ್ಥಿತಿ ಯಾರಿಗೂ ಬರಬಾರದು.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಇಷ್ಟೇ. ಒಬ್ಬರು ಎರಡು ಸಲ ಚುಚ್ಚಿಯೂ ರಕ್ತ ಬಾರದಿದ್ದರೆ ಮೂರನೆಯ ಸಲ ಅವರೇ ಚುಚ್ಚದೆ ಅನುಭವಿಗಳನ್ನು ಕರೆಯಬೇಕೆಂಬ ನಿಯಮವನ್ನು ಸರ್ಕಾರಿ ಹಾಗೂ ಖಾಸಗಿ ಕೇಂದ್ರಗಳೆರಡರಲ್ಲೂ ಜಾರಿಗೊಳಿಸಿ, ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಚಿಕ್ಕ ಟ್ಯೂಬುಗಳನ್ನೂ, ಹಿಡಿಯಲು ಪ್ಲಾಸ್ಟಿಕ್ ರೆಕ್ಕೆಗಳಿರುವ, ಮಕ್ಕಳಿಗೆ ಹೊಂದುವ ಸಣ್ಣ ಸೂಜಿಗಳನ್ನೂ ಒದಗಿಸಬೇಕು. ಮಂಗನ ಕಾಯಿಲೆಯ ದಿನಗಳು ಆರಂಭವಾಗುವ ಮುನ್ನ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಭಾಗದ ತಂತ್ರಜ್ಞರನ್ನೂ ಶುಶ್ರೂಷಕಿಯರನ್ನೂ ಸರದಿಯ ಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆಸಿ, ಅಲ್ಲಿನ ಮಕ್ಕಳ ವಿಭಾಗದ ಅನುಭವಿಗಳ ಪಕ್ಕದಲ್ಲಿ ನಿಂತು ಕೆಲಸ ಕಲಿಯುವ ಅವಕಾಶವನ್ನು ಕಲ್ಪಿಸಬೇಕು.

— ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ತೀರ್ಥಹಳ್ಳಿ