ಸೀನನಿಗೆ, ಸ್ಲೌಗೆ ಬರುವ ಮುಂಚೆ

ಲೋ ಸೀನ,

"ಇಂಗ್ಲೆಂಡಲ್ಲೇನಪ್ಪ, ರಸ್ತೆ, ನೀರು ಏನೇ ಕೆಟ್ರೂ ಒಂದು ಮೇಲ್ ಹಾಕಿದ್ರೆ ಮಾರನೇ ದಿನ ಬಂದು ಸರಿ ಮಾಡಿ ಹೋಗ್ತಾರೆ" ಅಂತ ಬರೆದಿದ್ದೀಯ. ಈ ಮಾತನ್ನ ನಿನ್ನ ತಲೆಗೆ ಯಾರು ತುಂಬಿದ್ರು ಅಂತ ಯೋಚಿಸಿದೆ. ನಾನೇ. ನೀನು ಮನೆ ಮುಂದಿನ ಗುಂಡಿ ಫೋಟೋ ಕಳಿಸಿದಾಗೆಲ್ಲ ನಾನು ಇಲ್ಲಿಂದ ಹುಲ್ಲುಹಾಸಿನ ಫೋಟೋ ಕಳಿಸಿದ್ದರ ಫಲ. ಈಗ ನೀನೇ ಹೆಂಡತಿ ಮಕ್ಕಳ ಸಮೇತ ಲಂಡನ್ ಪಕ್ಕದ ಸ್ಲೌ ಊರಿಗೆ ಬರ್ತಿದ್ದೀಯ, ಇನ್ನು ಆ ಬುರುಡೆ ನಡೆಯಲ್ಲ. ಅದಕ್ಕೇ ನಾಲ್ಕು ಜನರ ಎದುರಿಗೇ ಬರೀತಿದ್ದೀನಿ, ಆಮೇಲೆ "ನೀನು ಹೇಳಲೇ ಇಲ್ಲ" ಅನ್ನಬೇಡ. ಇಣುಕಿ ಓದೋರಿಗೂ ಸ್ವಾಗತ. ಗೋಪಾಲನ ಕೊಡೆ ವಿಷಯ ಮಾತ್ರ ಎತ್ತಲ್ಲ, ಧೈರ್ಯವಾಗಿರು.

ಬೀಗದ ಕೈ ಸಿಕ್ಕ ದಿನ, ಹಾಲು ಉಕ್ಕಿಸೋಕೂ ಮೊದಲು, ಮೂರು ಮೀಟರಿನ ಫೋಟೋ ತೆಗಿ: ಗ್ಯಾಸು, ಕರೆಂಟು, ನೀರು. ರೀಡಿಂಗೂ ಕಾಣಬೇಕು, ಮೀಟರ್ ನಂಬರೂ ಕಾಣಬೇಕು. ನೀರಿನ ಮೀಟರ್ ಬಹಳ ಕಡೆ ಫುಟ್‌ಪಾತಿನಲ್ಲಿ ಒಂದು ಚಿಕ್ಕ ಮುಚ್ಚಳದ ಕೆಳಗೆ ಇರತ್ತೆ. ಮುಚ್ಚಳ ಎತ್ತಿದರೆ ಮೊದಲು ಸಿಗೋದು ಥರ್ಮಾಕೋಲಿನ ತುಂಡು, ಹಿಮಕ್ಕೆ ಪೈಪು ಒಡೆಯಬಾರದು ಅಂತ. ಅದನ್ನ ತೆಗೆದು ಟಾರ್ಚ್ ಬಿಡು. ಜೇಡ ಇರತ್ತೆ, ನಿನ್ನ ಹೆಂಡತಿಗೆ ಮುಂಚೆ ಹೇಳು.

ಗ್ಯಾಸ್ ಮೀಟರಿನ ಮುಖದ ಮೇಲೆ ಎಂ ಅಕ್ಷರದ ತಲೆ ಮೇಲೆ ಸಣ್ಣ 3 ಇದೆಯಾ, ಎಫ್‌ಟಿ ಮೇಲೆ 3 ಇದೆಯಾ ನೋಡಿಕೋ. ಮೊದಲನೇದು ಘನ ಮೀಟರು, ಎರಡನೇದು ಹಳೇ ಕಾಲದ ಘನ ಅಡಿ. ಬಿಲ್ಲಿನ ಲೆಕ್ಕ ಹೀಗೆ: ಉರಿಸಿದ ಯೂನಿಟ್ಟನ್ನ 1.02264ರಿಂದ ಗುಣಿಸು, ಬಿಲ್ಲಿನಲ್ಲೇ ಕೊಟ್ಟಿರೋ ಕ್ಯಾಲೊರಿಫಿಕ್ ವ್ಯಾಲ್ಯೂ (ಗ್ಯಾಸು ಕೊಡೋ ಶಾಖದ ಅಳತೆ) 39ರ ಆಸುಪಾಸು ಇರತ್ತೆ, ಅದರಿಂದಲೂ ಗುಣಿಸು, 3.6ರಿಂದ ಭಾಗಿಸು. ಬಾಯಿಲೆಕ್ಕಕ್ಕೆ ಒಂದು ಘನ ಮೀಟರಿಗೆ 11 ಕಿಲೋವ್ಯಾಟ್ ಅವರ್ ಅಂದುಕೋ. ಅಡಿ ಮೀಟರಾದರೆ ಒಂದು ಯೂನಿಟ್ ಅಂದರೆ ನೂರು ಘನ ಅಡಿ, ಹಾಗಾಗಿ ಇದರ ಮೇಲೆ ಇನ್ನೊಂದು 2.83ರ ಗುಣಾಕಾರ. ಎಡವಟ್ಟಾಗೋದು ಇಲ್ಲೇ. ಮೀಟರ್ ಬದಲಾಯಿಸಿ ಹೋಗಿರ್ತಾರೆ, ಕಂಪ್ಯೂಟರಿನಲ್ಲಿ ಹಳೇ ಅಡಿಯ ಗುರುತೇ ಉಳಿದಿರತ್ತೆ. ಆಗ ಬಿಲ್ಲು ಹತ್ತಿರ ಹತ್ತಿರ ಮೂರು ಪಟ್ಟು ಬರತ್ತೆ. ಚಳಿಗಾಲ ಅಲ್ವಾ ಅಂದುಕೊಂಡು ಜನ ಸುಮ್ಮನೆ ಕಟ್ಟುತ್ತಿರ್ತಾರೆ. ಉಲ್ಟಾ ಕೇಸೂ ಇದೆ: ಕಂಪನಿಯ ತಪ್ಪಿನಿಂದ ಕಡಿಮೆ ಬಿಲ್ಲು ಬಂದಿದ್ದರೆ, 12 ತಿಂಗಳಿಗಿಂತ ಹಳೇದನ್ನ ಅವರು ವಸೂಲಿ ಮಾಡೋ ಹಾಗಿಲ್ಲ.

ಫೋನ್ ಮಾಡಿ ಗೋಳು ತೋಡಿಕೊಂಡರೆ ಅವರು ಅದನ್ನ 'ವಿಚಾರಣೆ' ಅಂತ ಬರ್ಕೋತಾರೆ. 'ಫಾರ್ಮಲ್ ಕಂಪ್ಲೇಂಟ್' ಅನ್ನೋ ಎರಡು ಪದ ನಿನ್ನ ಬಾಯಿಂದ, ಇನ್ನೂ ಒಳ್ಳೇದು ನಿನ್ನ ಮೇಲಿನಲ್ಲಿ, ಬರಲೇಬೇಕು. ಆ ದಿನದಿಂದ ಗಡಿಯಾರ ಓಡತ್ತೆ. ಗ್ಯಾಸು, ಕರೆಂಟಿಗೆ 8 ವಾರ. ಆಮೇಲೆ ದೂರು ಕೇಳಿ ತೀರ್ಪು ಕೊಡೋ ಸ್ವತಂತ್ರ ಸಂಸ್ಥೆ, ಎನರ್ಜಿ ಓಂಬುಡ್ಸ್‌ಮನ್. ನೀರಿಗೆ ಮೊದಲು ಕಂಪನಿ, ಆಮೇಲೆ ಸಿಸಿಡಬ್ಲ್ಯೂ ಅನ್ನೋ ಗ್ರಾಹಕರ ಸಂಸ್ಥೆ. ನಮ್ಮ ನಗರಸಭೆ ಥರದ ಕೌನ್ಸಿಲ್‌ಗಾದರೆ ಅವರದೇ ಹಂತಗಳನ್ನ ಮುಗಿಸಿಕೊಂಡು ಸ್ಥಳೀಯ ಸರ್ಕಾರದ ಓಂಬುಡ್ಸ್‌ಮನ್. ಯಾವುದಕ್ಕೂ ದುಡ್ಡಿಲ್ಲ. ತಾಳ್ಮೆ ಮಾತ್ರ ಕೆಜಿಗಟ್ಟಲೆ ಬೇಕು.

ಈಗ ಕೌನ್ಸಿಲ್ ಟ್ಯಾಕ್ಸು. ನಿನ್ನ ಮನೆಯ ತೆರಿಗೆ ನಿಂತಿರೋದು 1991ರ ಏಪ್ರಿಲ್ 1ರಂದು ಆ ಮನೆ ಎಷ್ಟಕ್ಕೆ ಮಾರಾಟ ಆಗ್ತಿತ್ತು ಅನ್ನೋದರ ಮೇಲೆ. ತಮಾಷೆ ಅಲ್ಲ. ಬಂಗಾರಪ್ಪನವರು ನಮ್ಮ ಮುಖ್ಯಮಂತ್ರಿ ಆಗಿದ್ದಾಗಿನ ಬೆಲೆ. ಮೊನ್ನೆ ಕಟ್ಟಿದ ಫ್ಲ್ಯಾಟಿಗೂ ಆವತ್ತು ಇದ್ದಿದ್ದರೆ ಎಷ್ಟಾಗ್ತಿತ್ತು ಅಂತ ಊಹಿಸಿ ಎ ಇಂದ ಎಚ್ ತನಕದ ಒಂದು ಬ್ಯಾಂಡಿಗೆ ಹಾಕಿರ್ತಾರೆ. 40,000 ಪೌಂಡಿನ ಒಳಗಿದ್ದರೆ ಎ, 320,000 ದಾಟಿದರೆ ಎಚ್. ಅಕ್ಕಪಕ್ಕದ ಅಂಥದ್ದೇ ಮನೆಗಳ ಬ್ಯಾಂಡು ಆನ್‌ಲೈನಲ್ಲೇ ಕಾಣತ್ತೆ. ನಿನ್ನದು ಮಾತ್ರ ಒಂದು ಮೆಟ್ಟಿಲು ಮೇಲಿದ್ದರೆ ತಕರಾರು ಹಾಕಬಹುದು. ಆದರೆ ಮೊದಲು 1991ರ ಬೆಲೆ ಲೆಕ್ಕ ಹಾಕಿಕೋ. ಬ್ಯಾಂಡು ಇಳಿಯೋ ಬದಲು ಏರಲೂಬಹುದು, ಪಕ್ಕದ ಮನೆಯವರದ್ದೂ ಸೇರಿ. ಹಾಗಾದರೆ ಆ ಬೀದಿಯಲ್ಲಿ ನಿನಗೆ ದೀಪಾವಳಿ ಸ್ವೀಟು ಕೊಡೋರು ಯಾರೂ ಇರಲ್ಲ.

ಕಂತು ಏಪ್ರಿಲ್‌ನಿಂದ ಜನವರಿವರೆಗೆ ಹತ್ತು. ಹನ್ನೆರಡು ಮಾಡಿಕೊಡಿ ಅಂತ ಕೇಳಬಹುದು, ಕೇಳು. ಒಂದು ಕಂತು ತಪ್ಪಿತೋ, 7 ದಿನದ ಗಡುವಿನ ನೋಟೀಸು. ಅದೂ ತಪ್ಪಿತೋ, ಇಡೀ ವರ್ಷದ ಬಾಕಿ ಒಟ್ಟಿಗೆ ಕಟ್ಟು ಅಂತಾರೆ, ಆಮೇಲೆ ಕೋರ್ಟಿನ ಸಮನ್ಸು, ಅದರ ಖರ್ಚು, ಕೊನೆಗೆ ಜಪ್ತಿಯವರು. ಅದೇ ನೀರಿನ ಬಿಲ್ಲು ಕಟ್ಟದಿದ್ದರೆ? ನಲ್ಲಿ ನಿಲ್ಲಿಸೋ ಹಾಗಿಲ್ಲ, 1999ರ ಕಾಯ್ದೆಯೇ ಇದೆ. ಸಾಲ ಅಂತ ಬೆನ್ನು ಹತ್ತುತ್ತಾರೆ, ನೀರು ಮಾತ್ರ ಬರ್ತಾ ಇರತ್ತೆ. ಖಾಸಗಿ ಕಂಪನಿ ಇಷ್ಟು ಸಾವಧಾನ, ಜನ ಆರಿಸಿದ ಕೌನ್ಸಿಲ್ ಇಷ್ಟು ಉರುಬು. ಇದನ್ನ ನಾನು ಎಷ್ಟು ಸಲ ಯೋಚಿಸಿದರೂ ವಿಚಿತ್ರ ಅನ್ನಿಸತ್ತೆ.

ಕೌನ್ಸಿಲ್ ಯಾಕೆ ಹಾಗೆ ಮೈಮೇಲೆ ಬೀಳತ್ತೆ ಅನ್ನೋದನ್ನೂ ಕೇಳು. ನೀನು ಬರ್ತಿರೋ ಸ್ಲೌ ಕೌನ್ಸಿಲ್ಲೇ 2021ರ ಜುಲೈನಲ್ಲಿ ಸೆಕ್ಷನ್ 114 ನೋಟೀಸು ಹೊರಡಿಸಿತ್ತು. ಪೇಪರಿನೋರು ದಿವಾಳಿ ಅಂತಾರೆ, ದಿವಾಳಿ ಅಲ್ಲ. ಕಾನೂನು ಕಡ್ಡಾಯ ಮಾಡಿದ್ದು ಬಿಟ್ಟು ಹೊಸ ಖರ್ಚೆಲ್ಲ ಬಂದ್ ಅಂತ ಹಣಕಾಸು ಅಧಿಕಾರಿ ಬರೆದುಕೊಡೋ ಚೀಟಿ ಅದು. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಸರದಿ. 2025ರ ಮಾರ್ಚಿನಲ್ಲಿ ಅದೇ ಊರಿನ ಕಸದ ಕೆಲಸಗಾರರು ಪೂರ್ತಿ ಮುಷ್ಕರಕ್ಕೆ ಇಳಿದರು, ಬೀದಿಯಲ್ಲಿ 17,000 ಟನ್ ಕಸ, ಬೆಕ್ಕಿಗೆ ಹೆದರದ ಇಲಿಗಳು. ಸಾಮಾನ್ಯವಾಗಿ ಇಂಥ ಕೌನ್ಸಿಲ್ ಜನರನ್ನ ಕೇಳದೆ ತೆರಿಗೆ ಏರಿಸಬಹುದಾದ್ದು ವರ್ಷಕ್ಕೆ ಶೇ. 4.99, ಸ್ಲೌಗೆ 2023ರಲ್ಲಿ ವಿಶೇಷ ಅನುಮತಿ ಕೊಟ್ಟು ಶೇ. 9.99 ಏರಿಸಿದರು. ಬಂದ ದುಡ್ಡಿನ ದೊಡ್ಡ ಪಾಲು ವಯಸ್ಸಾದವರ, ಅಂಗವಿಕಲರ, ಹೆತ್ತವರ ಜೊತೆ ಇರಲಾಗದ ಮಕ್ಕಳ ಆರೈಕೆಗೆ ಹೋಗತ್ತೆ. ಅದು ಕಾನೂನಿನ ಕಟ್ಟಳೆ, ಕತ್ತರಿಸೋ ಹಾಗಿಲ್ಲ. ಕತ್ತರಿ ಬೀಳೋದು ಲೈಬ್ರರಿಗೆ, ರಸ್ತೆಗೆ. ತೆರಿಗೆ ಕಟ್ಟೋನ ಕಣ್ಣಿಗೆ ಕಾಣೋದೂ ಅವೇ. ಕೌನ್ಸಿಲನ್ನ ಬೈಯೋರ ಗುಂಪಲ್ಲಿ ನಾನೂ ಇದ್ದೀನಿ, ಆದರೆ ಅರ್ಧ ಬೈಗುಳ ಲಂಡನ್ನಿನ ಖಜಾನೆಗೆ ಸೇರಬೇಕಾದ್ದು.

ನೀರಿನ ಕತೆ ಬೇರೆ. ಅಲ್ಲಿ ನನಗೆ ಅಷ್ಟು ಕನಿಕರ ಇಲ್ಲ. 1989ರಲ್ಲಿ ಇಂಗ್ಲೆಂಡ್, ವೇಲ್ಸಿನ ನೀರಿನ ಮಂಡಳಿಗಳನ್ನ ಮಾರಿದಾಗ ಹಳೇ ಸಾಲ ಎಲ್ಲ ಮನ್ನಾ ಮಾಡಿ, ಕೈಗೆ ಕಾಸೂ ಕೊಟ್ಟು ಕಳಿಸಿದ್ದರು. ಸ್ಕಾಟ್ಲೆಂಡ್ ಮಾರಲಿಲ್ಲ. ಹುಬ್ಬಳ್ಳಿ-ಧಾರವಾಡದ ಹಾಗೆ ಅಂದುಕೋಬೇಡ. ಅಲ್ಲಿ ಕಂಪನಿಗೆ ಕೊಟ್ಟಿದ್ದು ನಡೆಸೋ ಗುತ್ತಿಗೆ, ಪೈಪು ಪಾಲಿಕೆಯದ್ದೇ. ಇಲ್ಲಿ ಪೈಪು, ಕೆರೆ, ಭೂಮಿ, ಒಳಚರಂಡಿ ಎಲ್ಲ ಮಾರಿದರು. ನಿನ್ನ ಮನೆಗೆ ನೀರು ಕೊಡೋ ಥೇಮ್ಸ್ ವಾಟರ್ ಸೊನ್ನೆ ಸಾಲದಿಂದ ಶುರು ಮಾಡಿ 2025ರ ಹೊತ್ತಿಗೆ ಸುಮಾರು 2,000 ಕೋಟಿ ಪೌಂಡಿನ ಸಾಲದಲ್ಲಿತ್ತು. ಆ ವರ್ಷ ಮೇ ತಿಂಗಳಲ್ಲಿ ನೀರಿನ ಕಂಪನಿಗಳ ನಿಯಂತ್ರಕ ಆಫ್‌ವಾಟ್ 12.27 ಕೋಟಿ ಪೌಂಡ್ ದಂಡ ಹಾಕಿತು. ಬಿಡಿಸಿಕೊಂಡು ಬೇರೆ ಕಂಪನಿಗೆ ಹೋಗೋಣ ಅಂದರೆ ಮನೆಗಳಿಗೆ ಆ ಅವಕಾಶವೇ ಇಲ್ಲ.

ಈ ಕಂಪನಿಗಳ ಒಳಚರಂಡಿಯ ಹೊಲಸು ನದಿಗೆ ಹೋಗತ್ತೆ ಅನ್ನೋ ದೂರು ಇದೆಯಲ್ಲ, ಅದರ ಹಿಂದಿನ ಕಾರಣ ಸರಳ. ಹಳೇ ಊರುಗಳಲ್ಲಿ ಮಳೆ ನೀರಿಗೂ ಕಕ್ಕಸಿಗೂ ಒಂದೇ ಪೈಪು. ಜೋರು ಮಳೆ ಬಂದರೆ ಪೈಪು ತುಂಬತ್ತೆ. ಮನೆ ಒಳಗೆ ಉಕ್ಕಬಾರದು ಅಂತ ನದಿ ಕಡೆ ಒಂದು ಬಾಯಿ ಬಿಟ್ಟಿರ್ತಾರೆ. ಅಪರೂಪಕ್ಕೆ ತೆರೀಬೇಕಾದ ಬಾಯಿ ಅದು. 2024ರಲ್ಲಿ ಇಂಗ್ಲೆಂಡಿನಲ್ಲಿ ಆ ಬಾಯಿಗಳು ಒಟ್ಟು 36 ಲಕ್ಷ ಗಂಟೆ ತೆರೆದಿದ್ದವು. ಇದರಲ್ಲೂ ಒಂದು ಸೂಕ್ಷ್ಮ ಇದೆ: ಅಲ್ಲಿ ಕೂರಿಸಿರೋ ಯಂತ್ರ ಎಷ್ಟು ಹೊತ್ತು ಹರೀತು ಅಂತ ಬರ್ಕೊಳತ್ತೆ, ಎಷ್ಟು ಹರೀತು ಅಂತ ಅಲ್ಲ.

ನಿನ್ನ ಕೈಲಾಗೋದು ಬಿಲ್ಲು. ಚಾವಣಿ ಮಳೆನೀರು ಹಿತ್ತಲಿನ ಇಂಗುಗುಂಡಿಗೆ ಹೋಗ್ತಿದ್ದರೆ 'ಸರ್ಫೇಸ್ ವಾಟರ್ ಡ್ರೈನೇಜ್' ಅನ್ನೋ ಸಾಲಿನ ದುಡ್ಡು ಕಡಿಮೆ ಮಾಡಿಸಿಕೋಬಹುದು. ಅರ್ಜಿ ಹಾಕಿದವರಿಗೆ ಮಾತ್ರ. ಬಿಲ್ಲು ಸುಮ್ಮನೆ ಏರಿದರೆ ಅಡುಗೆಮನೆ ಸಿಂಕಿನ ಕೆಳಗಿನ ಸ್ಟಾಪ್ ಟ್ಯಾಪ್ ಬಂದ್ ಮಾಡಿ, ಹೊರಗೆ ಹೋಗಿ ಮೀಟರ್ ನೋಡು. ಮುಳ್ಳು ಇನ್ನೂ ತಿರುಗ್ತಿದ್ದರೆ ಸೋರಿಕೆ ನೆಲದೊಳಗೆ. ನಿನ್ನ ಜಾಗದೊಳಗಿನ ಪೈಪು ಮನೆ ಮಾಲೀಕರ ತಲೆಗೆ, ಬೀದಿಯದು ಕಂಪನಿ ತಲೆಗೆ. ನಿಂತು ಹೋದರೆ ಸೋರಿಕೆ ಮನೆ ಒಳಗೆ, ಬಹುತೇಕ ಕಕ್ಕಸಿನ ಫ್ಲಶ್ ಟ್ಯಾಂಕು. ಕೇಸರಿಬಾತಿಗೆ ಹಾಕೋ ಬಣ್ಣ ಒಂದು ಚಿಟಿಕೆ ಟ್ಯಾಂಕಿಗೆ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡು. ಕೆಳಗಿನ ನೀರು ಕೇಸರಿ ಆದರೆ ವಾಲ್ವಿನ ವಾಷರ್ ಹೋಗಿದೆ. ಕಣ್ಣಿಗೆ ಕಾಣದ ಆ ಸೋರಿಕೆ ದಿನಕ್ಕೆ 200ರಿಂದ 400 ಲೀಟರ್ ನುಂಗತ್ತೆ.

ಕೊನೆಗೆ ನಿನ್ನ ಪ್ರೀತಿಯ ವಿಷಯ, ಗುಂಡಿ. ಟಾರಿನ ಬಿರುಕಲ್ಲಿ ನೀರು ಇಳಿಯತ್ತೆ, ರಾತ್ರಿ ಹೆಪ್ಪುಗಟ್ಟಿ ಶೇ. 9ರಷ್ಟು ಉಬ್ಬತ್ತೆ, ಬೆಳಿಗ್ಗೆ ಕರಗಿ ಟೊಳ್ಳು ಬಿಡತ್ತೆ, ಲಾರಿ ಬಂದು ತುಳಿಯತ್ತೆ. ಸರಿಯಾದ ರಿಪೇರಿ ಅಂದರೆ ಸುತ್ತ ಚೌಕವಾಗಿ ಕತ್ತರಿಸಿ, ಧೂಳು ಗುಡಿಸಿ, ಅಂಚಿಗೆ ಬಿಟುಮೆನ್ ಬಳಿದು, ಬಿಸಿ ಮಿಶ್ರಣ ತುಂಬಿ ದಮ್ಮಸು ಮಾಡಬೇಕು. ಆಗೋದು ಒದ್ದೆ ಗುಂಡಿಗೇ ಒಂದು ಸಲಿಕೆ ಸುರಿದು ಬೂಟಲ್ಲಿ ತುಳಿದು ಹೋಗೋದು. ಮುಂದಿನ ಚಳಿಗೆ ಎದ್ದು ಬರತ್ತೆ. ಬಹಳ ಕೌನ್ಸಿಲ್‌ಗಳಿಗೆ 40 ಮಿಲಿಮೀಟರ್ ಆಳ ಆದರೆ ಮಾತ್ರ ಅದು ಗುಂಡಿ. ಹಾಗಾಗಿ ಒಂದರ ಪಕ್ಕ ಒಂದು ಎರಡು ಗುಂಡಿ ಇದ್ದರೆ, 45ರದ್ದಕ್ಕೆ ಸುತ್ತ ಬಣ್ಣ ಬಳಿದು ಮುಚ್ಚಿ, 35ರದ್ದನ್ನ ಹಾಗೇ ಬಿಟ್ಟು ಹೋಗ್ತಾರೆ.

ಟೈರ್ ಒಡೆದರೆ ಪರಿಹಾರ ಕೇಳಬಹುದು. ಗುಂಡಿಯೊಳಗೆ ಸ್ಕೇಲ್ ನಿಲ್ಲಿಸಿ ಫೋಟೋ, ಜಾಗ ಗೊತ್ತಾಗೋ ಹಾಗೆ ದೂರದಿಂದ ಇನ್ನೊಂದು, ಗ್ಯಾರೇಜಿನ ಬಿಲ್ಲು. 1980ರ ಹೈವೇಸ್ ಕಾಯ್ದೆಯ ಸೆಕ್ಷನ್ 41 ರಸ್ತೆ ಸರಿಯಿಡೋದು ಅವರ ಹೊಣೆ ಅನ್ನತ್ತೆ. ಸೆಕ್ಷನ್ 58 ಅವರ ಗುರಾಣಿ: "ನಿಗದಿಯಂತೆ ತಪಾಸಣೆ ಮಾಡಿದ್ವಿ, ಆಗ ಗುಂಡಿ ಇರಲಿಲ್ಲ." ಆ ಗುರಾಣಿಗೆ ತೂತು ಬೀಳೋದು ನಿನಗಿಂತ ಮುಂಚೆ ಯಾರೋ ಆ ಗುಂಡಿ ಬಗ್ಗೆ ತಿಳಿಸಿದ್ದರೆ. ಅದಕ್ಕೆ ಮಾಹಿತಿ ಹಕ್ಕಿನಲ್ಲಿ ಆ ರಸ್ತೆಯ ತಪಾಸಣೆ ಮತ್ತು ದೂರಿನ ದಾಖಲೆ ಕೇಳು. 20 ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ಅಂದರೆ ನಿನಗಿಂತ ಮೊದಲು ಬಿದ್ದವನು ಬಾಯಿಬಿಟ್ಟಿದ್ದರೆ ನಿನ್ನ ಟೈರಿಗೆ ದುಡ್ಡು.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಇಷ್ಟು ಬರೆದ ಮೇಲೆ ಒಂದು ಕಿರಿಕಿರಿ. ಊರಲ್ಲಿ ಕೆಲಸ ಆಗೋಕೆ ಆಫೀಸಲ್ಲಿ ಗೊತ್ತಿದ್ದೋರು ಬೇಕು ಅಂತ ನಾವು ಎಷ್ಟು ಉರಿದುಕೊಂಡಿದ್ವಿ. ಇಲ್ಲಿ ಗೊತ್ತಿದ್ದೋರು ಬೇಡ, ಗೊತ್ತಿರಬೇಕು. ವ್ಯತ್ಯಾಸ ಅಷ್ಟೇ. ನನಗೆ ಸೆಕ್ಷನ್ ನಂಬರು ಗೊತ್ತು, ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಬೆದರಿಸೋದು ಗೊತ್ತು. ಹಾಗಾಗಿ ನನ್ನ ಬೀದಿ ಗುಂಡಿ ಮುಚ್ಚತ್ತೆ. ಹಿಂದಿನ ಬೀದಿಯ ಮುದುಕಿಗೆ ಗೊತ್ತಿಲ್ಲ, ಅದೇ ಸಿಬ್ಬಂದಿ, ಅದೇ ಟಾರು, ಅವಳ ಸರದಿ ಹಿಂದೆ ಹೋಗತ್ತೆ. ಇದನ್ನ ನಾನು ಇಷ್ಟು ವರ್ಷ ಹಕ್ಕು ಅಂತ ಕರೀತಿದ್ದೆ.

ಇನ್ನೂ ಇದೆ, ಬಾಯಿ ತೆರೆದಾಗಿದೆ. ಥೇಮ್ಸ್ ವಾಟರಿನ ಮಾಲೀಕರು ಯಾರು ಅಂತ ಒಂದು ದಿನ ಕೂತು ನೋಡಿದೆ. ಆಗ ಅತಿ ದೊಡ್ಡ ಪಾಲುದಾರ ಕೆನಡಾದ ಒಂಟಾರಿಯೊ ಪ್ರಾಂತ್ಯದ ಪುರಸಭೆ ನೌಕರರ ಪಿಂಚಣಿ ನಿಧಿ. ಅದರ ನಂತರದ್ದು, ಸುಮಾರು ಐದರಲ್ಲೊಂದು ಪಾಲು, ಇಲ್ಲಿನ ವಿಶ್ವವಿದ್ಯಾಲಯಗಳ ಪಿಂಚಣಿ ನಿಧಿ ಯುಎಸ್‌ಎಸ್. ನನ್ನ ಸಂಬಳದಿಂದ ಪ್ರತಿ ತಿಂಗಳು ಕಡಿತ ಆಗಿ ಹೋಗೋದು ಅಲ್ಲಿಗೇ, ಸೀನ. ಆ ಪಾಲಿನ ಬೆಲೆಯನ್ನ ಅವರು ಸೊನ್ನೆಗೆ ಇಳಿಸಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ನದಿ ಅಲ್ಲ, ಮೀನು ಅಲ್ಲ. ನನ್ನ ಪಿಂಚಣಿ. ದೊಡ್ಡ ನಿಧಿ, ತಡ್ಕೊಳತ್ತೆ ಅಂತ ಖಾತ್ರಿ ಆದ ಮೇಲೆ ಕಂಪನಿಯನ್ನ ಮತ್ತೆ ಬೈಯೋಕೆ ಶುರು ಮಾಡಿದೆ, ಮೊದಲಿಗಿಂತ ಜೋರಾಗಿ.

ಸರಿ, ಸಾಕು, ಜನ ನೋಡ್ತಿದ್ದಾರೆ. ಬರುವಾಗ ಮೆಂತ್ಯದ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ ಮರೀಬೇಡ. ಹಾಗೇ ವರ್ಕ್‌ಶಾಪ್ ಲ್ಯಾಬಿನಿಂದ ನಾಪತ್ತೆ ಆಯ್ತಲ್ಲ, ಆ ಸ್ಟೀಲ್ ಸ್ಕೇಲು, ಅದು ಯಾರ ಹತ್ತಿರ ಇದೆ ಅಂತ ನನಗೆ ಗೊತ್ತು, ತಗೊಂಡು ಬಾ. ಅದರಲ್ಲಿ ಸೊನ್ನೆ ತುದಿಯಿಂದಲೇ ಶುರು. ನನ್ನ ಹತ್ತಿರ ಇರೋ ಪ್ಲಾಸ್ಟಿಕ್ ಸ್ಕೇಲಿಗೆ ತುದಿಯಲ್ಲಿ ಐದು ಮಿಲಿಮೀಟರ್ ಖಾಲಿ ಇದೆ, ನಲವತ್ತರ ಗುಂಡಿ ಮೂವತ್ತೈದಾಗಿ ಹೋಗತ್ತೆ.

ನಿನ್ನ,
ಮಂಜ