ಫೋಲ್ಡರ್ ಮುರಿದರೆ ಅಂಕವೂ ಹೋಗಬೇಕೆ?

ಮಾನ್ಯರೇ,

ನನ್ನ ಮಗಳು ಬಿಸಿಎ ಓದುತ್ತಿದ್ದಾಳೆ. ಕಳೆದ ತಿಂಗಳು ವೆಬ್ ಡಿಸೈನ್ ಪ್ರಾಜೆಕ್ಟನ್ನು ಕಾಲೇಜಿನ ಆನ್‌ಲೈನ್ ಕಲಿಕಾ ತಾಣದಲ್ಲಿ ಸಲ್ಲಿಸಬೇಕಿತ್ತು. ಅವಳ ಕೆಲಸವೆಲ್ಲ ಒಂದು ಫೋಲ್ಡರಿನಲ್ಲಿತ್ತು: ಎಚ್‌ಟಿಎಂಎಲ್ ಪುಟಗಳು, ಚಿತ್ರಗಳಿಗೆ ಒಳಗೇ ಇನ್ನೊಂದು ಫೋಲ್ಡರ್. ತಾಣ ಫೋಲ್ಡರನ್ನು ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಮೂಲೆಯಲ್ಲಿ ಮಾತ್ರ. ರಾತ್ರಿ ಹನ್ನೊಂದರವರೆಗೆ ಅಲ್ಲೇ ಕೂತು ಒಂದೊಂದೇ ಫೈಲ್ ಹಾಕಿದಳು. ಫೋಲ್ಡರ್ ಒಡೆದದ್ದರಿಂದ ಪುಟಗಳಿಗೆ ಚಿತ್ರಗಳ ದಾರಿಯೇ ತಪ್ಪಿತು. ಉಪನ್ಯಾಸಕರು ತೆರೆದಾಗ ಚಿತ್ರ ಇರಬೇಕಾದ ಕಡೆ ಖಾಲಿ ಚೌಕ. ಅಂಕ ಹೋಯಿತು.

ಇಡೀ ಫೋಲ್ಡರನ್ನು ಜಿಪ್ ಮಾಡಿದರೆ ಒಂದೇ ಫೈಲಾಗುತ್ತದೆ, ಒಳಗಿನ ಜೋಡಣೆ ಹಾಗೇ ಉಳಿಯುತ್ತದೆ. ಇದನ್ನು ಹೇಳಿಕೊಡಲು ಹತ್ತು ನಿಮಿಷ ಸಾಕು. ಯಾರೂ ಹೇಳಿರಲಿಲ್ಲ.

ಗಾತ್ರದ ಮಿತಿಯೂ ಇದೆ. ಇಂಥ ಅನೇಕ ತಾಣಗಳು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಡೆಯುತ್ತವೆ. ಅದರಲ್ಲಿ ಒಂದು ಫೈಲಿಗೆ ಮೊದಲೇ ಇಟ್ಟಿರುವ ಮಿತಿ 2 ಎಂಬಿ. ಯಾರಾದರೂ ಅದನ್ನು ಹೆಚ್ಚಿಸದಿದ್ದರೆ ನಾಲ್ಕು ಫೋಟೊಗಳ ಜಿಪ್ ಕೂಡ ಹೋಗದು. ಇಂಥ ಕಲಿಕಾ ತಾಣ ನಡೆಸಲು ಬಳಸುವ ಮೂಡಲ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ಅಸೈನ್‌ಮೆಂಟಿಗೂ ಎಷ್ಟು ಫೈಲ್, ಎಷ್ಟು ಗಾತ್ರ ಎಂದು ಶಿಕ್ಷಕರೇ ನಿಗದಿ ಮಾಡಬಹುದು. ಸಲ್ಲಿಕೆ ತಲುಪಿದ ಸಂದೇಶ ವಿದ್ಯಾರ್ಥಿಗೆ ಹೋಗುವಂತೆಯೂ ಮಾಡಬಹುದು.

ಸೆಮಿಸ್ಟರ್ ಶುರುವಿನಲ್ಲೇ ಕಾಲೇಜುಗಳು ಇವನ್ನೆಲ್ಲ ಸರಿಪಡಿಸಿ, ಅಂಕವಿಲ್ಲದ ಒಂದು ಪ್ರಯೋಗ ಸಲ್ಲಿಕೆ ಮಾಡಿಸಲಿ. ನೆಟ್‌ವರ್ಕ್ ಇಲ್ಲದ ಊರಿನ ಮಕ್ಕಳಿಂದ ಪೆನ್‌ಡ್ರೈವ್‌ನಲ್ಲೂ ಪಡೆಯಲಿ.

– ವಿದ್ಯಾರ್ಥಿನಿಯೊಬ್ಬಳ ತಾಯಿ, ತೀರ್ಥಹಳ್ಳಿ