38 ನಿಮಿಷ ಮುಂದಿದ್ದ ನಿಮ್ಮ ಡಿವಿಆರ್ ಗಡಿಯಾರದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಸಿಸಿಟಿವಿ ಸರ್ವೀಸ್ ವಿಭಾಗ, ಬೆಂಗಳೂರು

ಮಾನ್ಯರೇ,

ಹನುಮಂತನಗರದ ನಮ್ಮ ಅಡ್ಡರಸ್ತೆಗೆ ಕ್ಯಾಮೆರಾ, ಅದರ ವಿಡಿಯೋ ರೆಕಾರ್ಡ್ ಮಾಡಿಡುವ ಡಿವಿಆರ್ ಪೆಟ್ಟಿಗೆ ಎರಡನ್ನೂ ಹಾಕಿದವರು ನೀವೇ. ನಿರ್ವಹಣೆಗೆ ಪ್ರತಿ ವರ್ಷ ದುಡ್ಡು ಕಟ್ಟುತ್ತಿದ್ದೇವೆ. ಕಳೆದ ಜೂನ್‌ನಲ್ಲಿ ಒಂದು ಬೆಳಿಗ್ಗೆ 5.50ಕ್ಕೆ ಎದುರುಮನೆ ಅಜ್ಜಿ ರಂಗೋಲಿ ಹಾಕುತ್ತಿದ್ದಾಗ, ಹೆಲ್ಮೆಟ್ ಹಾಕಿಕೊಂಡು ಬೈಕಿನಲ್ಲಿ ಬಂದವನೊಬ್ಬ ಸರ ಕಿತ್ತುಕೊಂಡು ಹೋದ. 5.52ಕ್ಕೆ 112ಕ್ಕೆ ಫೋನ್ ಮಾಡಿದವಳು ನಾನು.

ಪೊಲೀಸರು ಮೂಲೆಯ ಕ್ಯಾಮೆರಾದಲ್ಲಿ 5.50ರ ವಿಡಿಯೋ ನೋಡಿದರು. ಒಂದೇ ಬೈಕು, ಒಂದು ಹೆಲ್ಮೆಟ್. ಅದು ನಮ್ಮ ಪೇಪರ್ ಹುಡುಗ. ಅವನನ್ನು ಸಂಜೆವರೆಗೂ ಠಾಣೆಯಲ್ಲಿ ಕೂರಿಸಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಮತ್ತೆ ವಿಡಿಯೋ ಹಾಕಿದೆ. ಬೀದಿದೀಪ ಉರಿಯುತ್ತಿದೆ, ಸುತ್ತ ಕತ್ತಲು. ಜೂನ್‌ನಲ್ಲಿ 5.50ಕ್ಕೆ ಬೆಳಕು ಹರಿದಿರುತ್ತೆ ಅಲ್ವಾ? ಫೋನನ್ನು ಡಿವಿಆರ್ ಪಕ್ಕ ಹಿಡಿದು ನೋಡಿದೆ. ನಿಮ್ಮ ಗಡಿಯಾರ 38 ನಿಮಿಷ ಮುಂದಿತ್ತು. ಹುಡುಗ ಬಂದದ್ದು 5.12ಕ್ಕೆ, ದಿನಾ ಬರುವ ಹೊತ್ತಿಗೇ. ಮಾರ್ಚ್‌ನಲ್ಲಿ ಸರ್ವೀಸಿಗೆ ಬಂದ ನಿಮ್ಮವರು 'ಎಲ್ಲಾ ಸರಿಯಿದೆ' ಅಂತ ಸಹಿ ಮಾಡಿಹೋದ ಚೀಟಿ ನನ್ನ ಹತ್ತಿರ ಇದೆ.

ವಿಡಿಯೋದಲ್ಲಿ ಕಳ್ಳ ಕಂಡದ್ದು ಡಿವಿಆರ್ ಗಡಿಯಾರದ 6.28ರಲ್ಲಿ. ಆದರೆ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಅಂತ ಒಪ್ಪಿಕೊಂಡು, ನೀವು ಇಟ್ಟಿದ್ದು ಬರೀ 5. ಗಂಟೆಗೆ 40 ಕಿ.ಮೀ. ವೇಗದ ಬೈಕು ಎರಡು ಫ್ರೇಮುಗಳ ನಡುವೆ ಎರಡು ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ನಂಬರ್ ಪ್ಲೇಟ್ ಕಾಣುವುದು ಮೂರೇ ಫ್ರೇಮಿನಲ್ಲಿ, ಅದೂ ಮಸುಕು.

ಒರಿಜಿನಲ್ ಕೇಳಿದರೆ ನಿಮ್ಮ ಟೆಕ್ನಿಷಿಯನ್ ಟಿವಿ ಪರದೆಯನ್ನೇ ಫೋನಿನಲ್ಲಿ ಶೂಟ್ ಮಾಡಿ ವಾಟ್ಸಾಪ್‌ಗೆ ಹಾಕಿದರು. ಅಲ್ಲಿಗೆ ಇದ್ದಬದ್ದ ವಿವರವೂ ಹೋಯಿತು. ಆಮೇಲೆ, 'ಮೇಡಂ, ಎಐ ಹಾಕಿ ಮುಖ ಕ್ಲಿಯರ್ ಮಾಡಿಕೊಡ್ತೀನಿ' ಅಂದರು. ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ವಿಡಿಯೋದಲ್ಲಿ ಇಲ್ಲದ್ದನ್ನು ಎಐ ತಾನೇ ಊಹಿಸಿ ತುಂಬುತ್ತದೆ. ಹಾಗೆ ಬಂದ ಮುಖ ಇನ್ಯಾವ ಹುಡುಗನನ್ನು ಹೋಲುತ್ತದೋ! ಒಬ್ಬನನ್ನು ಸುಮ್ನೆ ಕೂರಿಸಿದ್ದು ಸಾಕು.

ಒರಿಜಿನಲ್ ಇದ್ದರೆ ಮಡಿವಾಳದ ಎಫ್‌ಎಸ್‌ಎಲ್‌ನಂಥ ವಿಧಿವಿಜ್ಞಾನ ಪ್ರಯೋಗಾಲಯದವರು ಮೂರೂ ಫ್ರೇಮ್ ಒಟ್ಟಿಗಿಟ್ಟು ಪ್ಲೇಟಿನ ಒಂದೆರಡು ಅಕ್ಷರವಾದರೂ ಗುರುತಿಸಲು ನೋಡಬಹುದು. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗದಿರಲಿ ಅಂತ ಡಿವಿಆರ್ ಆಫ್ ಮಾಡಿಟ್ಟಿದ್ದೇನೆ. ಬೀದಿಗೆ ಈಗ ಕ್ಯಾಮೆರಾನೇ ಇಲ್ಲದಂತಾಗಿದೆ.

ಆದ್ದರಿಂದ ಏಳು ದಿನದೊಳಗೆ ತಿಳಿದವರೊಬ್ಬರನ್ನು ಕಳುಹಿಸಿ. ಪೊಲೀಸರ ಎದುರಿಗೇ ಮೂಲ ಫಾರ್ಮ್ಯಾಟಿನಲ್ಲಿ ವಿಡಿಯೋ ತೆಗೆದು ಹ್ಯಾಶ್ (ಫೈಲು ಬದಲಾಗಿದೆಯೇ ಅಂತ ಪತ್ತೆಹಚ್ಚುವ ಗುರುತಿನ ಸಂಕೇತ) ಬರೆಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಕಾರ ವಿಡಿಯೋವನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಕೊಡಲು ಬೇಕಾದ ಪ್ರಮಾಣಪತ್ರಕ್ಕೆ ಅದು ಬೇಕು. ಡಿವಿಆರ್ ನಮ್ಮ ಸುಪರ್ದಿಯಲ್ಲಿರುವುದರಿಂದ ಭಾಗ ಎ ನಾನು ಸಹಿ ಮಾಡುತ್ತೇನೆ. ಭಾಗ ಬಿ ತಜ್ಞರದು. ಗಡಿಯಾರವನ್ನು ಮಾತ್ರ ಈಗಲೇ ತಿದ್ದಬೇಡಿ. ಎಷ್ಟು ಮುಂದಿದೆ ಅಂತ ಮೊದಲು ಬರೆದು ಫೋಟೊ ತೆಗೆಯಬೇಕು. ಆಮೇಲೆ ಇಂಟರ್ನೆಟ್ ಸಮಯಕ್ಕೆ ಜೋಡಿಸಿ, 25 ಫ್ರೇಮ್ ಇಡಿ. ಇಷ್ಟೂ ಆಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ.

ಇನ್ನೊಂದು. ಪೇಪರ್ ಹುಡುಗ ಈಗ ನಮ್ಮ ರಸ್ತೆಗೆ ಬರುತ್ತಿಲ್ಲ. ಗಡಿಯಾರದ ತಪ್ಪು ನಿಮ್ಮದು ಅಂತ ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದು, ಸೀಲು ಹಾಕಿ, ಒಂದು ಪ್ರತಿ ಠಾಣೆಗೆ, ಒಂದು ಅವನ ಏಜೆಂಟರಿಗೆ ಕೊಡಿ. ಅವನ ಕೈಗೆ ಕೊಡುವ ಪ್ರತಿಯನ್ನು ನಾನೇ ತಲುಪಿಸುತ್ತೇನೆ.

ಇಂತಿ,
ಕಾರ್ಯದರ್ಶಿ, ನಿವಾಸಿಗಳ ಸಂಘ
ಹನುಮಂತನಗರ, ಬೆಂಗಳೂರು